ಲೋಗೋಗೆ ಜಾತಕ ಬರೆಯುವ ವಿದ್ಯೆ

ನೀಲಿ ಎಂದರೆ ನಂಬಿಕೆ. ಕೆಂಪು ಎಂದರೆ ಹಸಿವು, ಆತುರ. ಹಸಿರು ಪ್ರಕೃತಿ, ಹಳದಿ ಉಲ್ಲಾಸ, ಕಪ್ಪು ಶ್ರೀಮಂತಿಕೆ. ಗ್ರಾಫಿಕ್ ಡಿಸೈನ್ ಓದುವ ಮಕ್ಕಳ ಕೊನೇ ವರ್ಷದ ಪ್ರಾಜೆಕ್ಟ್ ರಿಪೋರ್ಟ್‌ಗಳನ್ನು ನೋಡುವ ಕೆಲಸ ನನ್ನ ಪಾಲಿಗೆ ಆಗಾಗ ಬರುತ್ತದೆ. ‘ಬ್ರ್ಯಾಂಡ್ ಸೈಕಾಲಜಿ’ ಎಂಬ ಅಧ್ಯಾಯವಿಲ್ಲದ ರಿಪೋರ್ಟ್ ಈಗ ಅಪರೂಪ. ಮೊದಲು ಈ ಬಣ್ಣದ ಪಟ್ಟಿ. ಆಮೇಲೆ 1997ರಲ್ಲಿ ಜೆನಿಫರ್ ಆಕರ್ ಪಟ್ಟಿ ಮಾಡಿದ ಬ್ರ್ಯಾಂಡಿನ ಐದು ಗುಣಗಳು. ಅದರ ಹಿಂದೆಯೇ ಮನಶ್ಶಾಸ್ತ್ರಜ್ಞ ಯೂಂಗ್ ಹೆಸರಿನಲ್ಲಿ ಓಡಾಡುವ ಹನ್ನೆರಡು ಮೂಲಮಾದರಿಗಳು: ವೀರ, ಋಷಿ, ಬಂಡಾಯಗಾರ, ಪ್ರೇಮಿ ಇತ್ಯಾದಿ. ಇಷ್ಟೆಲ್ಲ ದಾಟಿ ಬಂದರೆ ಕೊನೆಗೆ ಒಂದು ಲೋಗೋ. ಅದು ನೀಲಿಯಾಗಿದ್ದರೆ ಗಿರಾಕಿಗೆ ನಂಬಿಕೆ ಹುಟ್ಟುತ್ತದೆ, ಅದರ ಮೂಲೆ ಗುಂಡಗಿದ್ದರೆ ಆತ್ಮೀಯತೆ ಹುಟ್ಟುತ್ತದೆ ಎಂದು ಕೆಳಗೆ ಬರೆದಿರುತ್ತದೆ.

ಹುಡುಗ-ಹುಡುಗಿ ಒಪ್ಪಿ, ಛತ್ರ ಗೊತ್ತುಮಾಡಿ, ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟ ಮೇಲೆ ಜಾತಕ ತಂದು ‘ಹೊಂದಿಸಿಕೊಡಿ’ ಎನ್ನುವ ಮನೆಗಳುಂಟು. ಜೋಯಿಸರು ಹೊಂದಿಸಿಯೇ ಕೊಡುತ್ತಾರೆ. ಈ ಅಧ್ಯಾಯ ಹುಟ್ಟುವುದೂ ಹಾಗೆಯೇ. ವಿದ್ಯಾರ್ಥಿ ಕಂಪ್ಯೂಟರ್ ಮುಂದೆ ರಾತ್ರಿಯೆಲ್ಲ ಕೂತು, ಕಣ್ಣಿಗೆ ಸರಿಕಂಡ ಬಣ್ಣವನ್ನು ಹಾಕಿ, ಗೆಳೆಯರಿಗೆ ತೋರಿಸಿ, ತಿದ್ದಿ, ಒಂದು ಗುರುತನ್ನು ಮಾಡುತ್ತಾನೆ. ಅದು ನಿಜವಾದ ಕೆಲಸ. ಸಲ್ಲಿಸುವ ವಾರ ಬಂದಾಗ ಮೇಷ್ಟ್ರು ‘ಇದಕ್ಕೆ ಸಂಶೋಧನೆ ಎಲ್ಲಿ?’ ಎನ್ನುತ್ತಾರೆ. ಆಗ ಬಣ್ಣಕ್ಕೆ ಗ್ರಹಗತಿ ಹುಡುಕುವ ಕೆಲಸ ಶುರು. ನನ್ನ ಜಗಳ ಆ ಹುಡುಗನ ಜೊತೆಗಲ್ಲ. ಅವನಿಂದ ಇದನ್ನು ಬರೆಸುವ ಮೇಷ್ಟ್ರುಗಳ ಜೊತೆಗೆ, ಇದನ್ನೇ ಹತ್ತು ಪಟ್ಟು ದರಕ್ಕೆ ಕಂಪನಿಗಳಿಗೆ ಮಾರುವ ಏಜೆನ್ಸಿಗಳ ಜೊತೆಗೆ.

ನೀಲಿಯಿಂದಲೇ ಶುರುಮಾಡೋಣ. ‘ಫೇಸ್‌ಬುಕ್ ನೀಲಿ ಆಗಿರುವುದು ನಂಬಿಕೆ ಹುಟ್ಟಿಸಲು’ ಎಂದು ಎಷ್ಟೋ ರಿಪೋರ್ಟ್‌ಗಳಲ್ಲಿ ಓದಿದ್ದೇನೆ. ಮಾರ್ಕ್ ಜುಕರ್‌ಬರ್ಗ್‌ಗೆ ಕೆಂಪು-ಹಸಿರು ಬಣ್ಣಗುರುಡು ಇದೆ. ತನ್ನ ಕಣ್ಣಿಗೆ ಚೆನ್ನಾಗಿ ಕಾಣುವ ಬಣ್ಣ ನೀಲಿ ಎಂದು ಆತನೇ 2010ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದಾನೆ. ಅಲ್ಲಿಗೆ ಆ ಮನಶ್ಶಾಸ್ತ್ರದ ಕಥೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ನಮ್ಮ ಯೆಸ್ ಬ್ಯಾಂಕಿನ ಹೆಸರೂ ನೀಲಿಯಲ್ಲೇ ಇತ್ತು, ಜೊತೆಗೊಂದು ಕೆಂಪು ಟಿಕ್ ಗುರುತು. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕ್ ಅದರ ಖಾತೆಗಳಿಂದ 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ, ಎಟಿಎಂ ಮುಂದೆ ಸಾಲುಗಟ್ಟಿದ ಜನಕ್ಕೆ ಆ ನೀಲಿ ಯಾವ ಸಮಾಧಾನವನ್ನೂ ಕೊಡಲಿಲ್ಲ. ಕೆಂಪು ಹಸಿವು ತರುತ್ತದೆ ಅನ್ನುವುದಾದರೆ ಎಚ್‌ಎಸ್‌ಬಿಸಿ, ಕೋಟಕ್ ಬ್ಯಾಂಕುಗಳಿಗೆ ಹೋದವರು ಊಟದ ಡಬ್ಬಿ ಬಿಚ್ಚಬೇಕಿತ್ತು. ಮೆಕ್‌ಡೊನಾಲ್ಡ್ಸ್ 2009ರಿಂದ ಜರ್ಮನಿ ಮುಂತಾದ ಕಡೆ ತನ್ನ ಕೆಂಪು ಹಿನ್ನೆಲೆಯನ್ನು ತೆಗೆದು ಕಡುಹಸಿರು ಹಾಕಿತು. ಅಲ್ಲಿನವರಿಗೆ ಬರ್ಗರ್ ತಿನ್ನುವುದು ಮರೆತುಹೋಗಲಿಲ್ಲ.

ಬಣ್ಣ ನಿಜವಾಗಿ ಮಾಡುವ ಕೆಲಸ ಏನೆಂದು ನೋಡಬೇಕಿದ್ದರೆ ಬೆಳಗ್ಗೆ ಆರಕ್ಕೆ ನಂದಿನಿ ಬೂತ್ ಮುಂದೆ ನಿಲ್ಲಬೇಕು. ‘ನೀಲಿ ಎರಡು, ಆರೆಂಜ್ ಒಂದು’ ಎಂದು ಕೈ ಚಾಚುವವರು ಯಾರೂ ನಂಬಿಕೆ ಎರಡು, ಉತ್ಸಾಹ ಒಂದು ಕೇಳುತ್ತಿಲ್ಲ. ನೀಲಿ ಅಂದರೆ ಟೋನ್ಡ್ ಹಾಲು, ಆರೆಂಜ್ ಅಂದರೆ ಶುಭಂ. ಒಂದರಲ್ಲಿ ಕೆನೆ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ. ಅರೆನಿದ್ದೆಯ ಕಣ್ಣಿಗೂ, ಓದು ಬಾರದವರಿಗೂ, ಕತ್ತಲಲ್ಲಿ ಕ್ರೇಟ್ ಇಳಿಸುವ ಹುಡುಗನಿಗೂ ತಪ್ಪಿಲ್ಲದೆ ಗೊತ್ತಾಗಲಿ ಎಂದು ಹಾಕಿದ ಗುರುತು ಅದು. 2024ರ ಜೂನ್‌ನಲ್ಲಿ ಪ್ಯಾಕೆಟ್‌ಗೆ 50 ಮಿಲಿ ಹಾಲು ಹೆಚ್ಚಿಗೆ ತುಂಬಿ ಎರಡು ರೂಪಾಯಿ ಏರಿಸಿದಾಗ, ಮುಂದಿನ ವರ್ಷ ಏಪ್ರಿಲ್‌ನಲ್ಲಿ ಲೀಟರಿಗೆ ನಾಲ್ಕು ರೂಪಾಯಿ ಏರಿಸಿದಾಗ, ಇದೇ ಬೂತ್ ಮುಂದೆ ಜೋರು ಚರ್ಚೆ ನಡೆಯಿತು. ಬಣ್ಣದ ವಿಷಯ ಅದರಲ್ಲಿ ಬರಲಿಲ್ಲ.

ಇನ್ನೊಂದು ಅಂಕಿ ಈ ಅಧ್ಯಾಯಗಳಲ್ಲಿ ತಪ್ಪದೆ ಸಿಗುತ್ತದೆ: ವಸ್ತುವನ್ನು ನೋಡಿದ ತೊಂಬತ್ತು ಸೆಕೆಂಡಿನೊಳಗೆ ಜನ ತೀರ್ಮಾನ ಮಾಡುತ್ತಾರೆ, ಆ ತೀರ್ಮಾನದ ಶೇಕಡಾ 62ರಿಂದ 90 ಭಾಗ ಬಣ್ಣದ ಮೇಲೆಯೇ ನಿಂತಿದೆ. ಇದಕ್ಕೆ ಕೊಡುವ ಆಧಾರ 2006ರ ಒಂದು ಲೇಖನ. ತಮಾಷೆ ಎಂದರೆ ಆ ಲೇಖನ ಪ್ರಯೋಗದ ವರದಿಯೇ ಅಲ್ಲ, ಬೇರೆಯವರು ಹೇಳಿದ್ದನ್ನು ಒಟ್ಟುಮಾಡಿದ ಸಮೀಕ್ಷೆ. ಯಾವ ವಸ್ತು, ಯಾವ ಊರು, ಎಷ್ಟು ಜನ, ಎದುರಿಗೆ ಏನಿಟ್ಟು ಕೇಳಿದರು ಎಂದು ಯಾವ ವಿದ್ಯಾರ್ಥಿಯೂ ಬರೆದದ್ದು ನಾನು ಕಂಡಿಲ್ಲ, ಯಾವ ಮೇಷ್ಟ್ರೂ ಕೇಳಿದ್ದನ್ನು ಕಂಡಿಲ್ಲ. ಕೇಳಿದರೆ ಅಂಕಿ ಉದುರಿಹೋಗುತ್ತದಲ್ಲ!

ಈ ದಂಧೆಗೆ ಇಂಥ ಅಂಕಿಗಳ ಚಾಳಿ ಹಳೆಯದು. 1957ರಲ್ಲಿ ಅಮೆರಿಕದ ಜೇಮ್ಸ್ ವಿಕರಿ ಎಂಬಾತ ನ್ಯೂಜೆರ್ಸಿಯ ಫೋರ್ಟ್ ಲೀ ಊರಿನ ಸಿನಿಮಾ ಮಂದಿರದಲ್ಲಿ ಕಣ್ಣಿಗೆ ಗೊತ್ತಾಗದಷ್ಟು ಹೊತ್ತು ‘ಕೋಕ್ ಕುಡಿಯಿರಿ’, ‘ಪಾಪ್‌ಕಾರ್ನ್ ತಿನ್ನಿರಿ’ ಎಂಬ ಮಾತುಗಳನ್ನು ತೆರೆಯ ಮೇಲೆ ಮಿಂಚಿಸಿದೆನೆಂದೂ, ಪಾಪ್‌ಕಾರ್ನ್ ಮಾರಾಟ ಶೇಕಡಾ 57.7, ಕೋಕ್ ಮಾರಾಟ ಶೇಕಡಾ 18.1 ಏರಿತೆಂದೂ ಸಾರಿದ. ದಶಾಂಶ ಬಿಂದುವಿನವರೆಗೆ ಲೆಕ್ಕ ಕೊಟ್ಟವನನ್ನು ಯಾರು ಅನುಮಾನಿಸುತ್ತಾರೆ? ಸರ್ಕಾರಗಳು ಬೆದರಿದವು, ಜನ ಬೆದರಿದರು. ಐದು ವರ್ಷದ ನಂತರ, ತನ್ನ ಬಳಿ ಇದ್ದ ಮಾಹಿತಿ ಯಾವುದಕ್ಕೂ ಸಾಲದಷ್ಟು ಚಿಕ್ಕದಾಗಿತ್ತೆಂದು ಆತನೇ ಒಪ್ಪಿಕೊಂಡ. ಆ ಒಪ್ಪಿಗೆ ಯಾರ ಕಿವಿಗೂ ಬೀಳಲಿಲ್ಲ, ಪಾಪ್‌ಕಾರ್ನ್ ಕಥೆ ಮಾತ್ರ ಇವತ್ತಿಗೂ ತರಗತಿಗಳಲ್ಲಿ ಓಡುತ್ತಿದೆ.

ಕಂಪನಿಗಳ ಕಡೆಯ ಭಂಡತನಕ್ಕೆ ಪೆಪ್ಸಿಯ ಉದಾಹರಣೆ ಸಾಕು. 2008ರಲ್ಲಿ ಪೀಟರ್ ಆರ್ನೆಲ್ ಏಜೆನ್ಸಿ ಅದರ ಉರುಟು ಲೋಗೋವನ್ನು ಸ್ವಲ್ಪ ಓರೆಮಾಡಿ ನಗುಮೊಗದಂತೆ ತಿದ್ದಿತು. ಅದಕ್ಕೆ ಸಮರ್ಥನೆಯಾಗಿ ಬರೆದ 27 ಪುಟಗಳ ದಾಖಲೆ ಮುಂದಿನ ವರ್ಷ ಹೊರಬಿತ್ತು. ಸುವರ್ಣ ಅನುಪಾತ, ಭೂಮಿಯ ಅಯಸ್ಕಾಂತ ಕ್ಷೇತ್ರ, ಗುರುತ್ವಾಕರ್ಷಣೆ, ವಿಶ್ವದ ವಿಸ್ತರಣೆ ಎಲ್ಲವೂ ಆ ತಂಪು ಪಾನೀಯದ ಲೋಗೋದಲ್ಲಿ ಅಡಗಿದ್ದವು. ಲೋಕವೇ ನಕ್ಕಿತು. ನಗುವ ಮೊದಲು ನಮ್ಮ ಕಾಲೇಜುಗಳ ಕಡೆ ಒಮ್ಮೆ ನೋಡಬೇಕು. ನಾವು ಹತ್ತೊಂಬತ್ತು-ಇಪ್ಪತ್ತರ ಮಕ್ಕಳಿಗೆ ಕಲಿಸುತ್ತಿರುವುದು ಇದೇ 27 ಪುಟ ಬರೆಯುವ ವಿದ್ಯೆಯನ್ನು.

ಹಾಗಾದರೆ ಪ್ರಯೋಗಶಾಲೆಗಳು ಕಂಡದ್ದೆಲ್ಲ ಸುಳ್ಳೇ ಎಂದು ಕೇಳಬಹುದು. ಅಲ್ಲ. 2004ರಲ್ಲಿ ರೀಡ್ ಮಾಂಟೆಗ್ಯೂ ಮತ್ತು ಸಂಗಡಿಗರು ಕೋಕ್-ಪೆಪ್ಸಿ ಕುಡಿಸಿ ಮಿದುಳಿನ ಸ್ಕ್ಯಾನ್ ತೆಗೆದರು. ಹೆಸರು ಮುಚ್ಚಿಟ್ಟಾಗ ಆಯ್ಕೆ ಹೆಚ್ಚುಕಡಿಮೆ ಸಮಸಮ. ಕೋಕ್ ಎಂದು ತೋರಿಸಿ ಕುಡಿಸಿದಾಗ ಜನ ಕೋಕ್ ಕಡೆ ವಾಲಿದರು, ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗಗಳು ಚುರುಕಾದವು. ಇದನ್ನು ‘ಲೋಗೋದ ಶಕ್ತಿ’ ಎಂದು ಬರೆಯುತ್ತಾರೆ. ನನಗೆ ಕಾಣುವುದು ನೆನಪಿನ ಶಕ್ತಿ. ಬಾಲ್ಯದಿಂದ ಕುಡಿದ, ಹಬ್ಬದಲ್ಲಿ, ಸಿನಿಮಾದಲ್ಲಿ, ಗೂಡಂಗಡಿಯಲ್ಲಿ ಕಂಡ ವಸ್ತುವಿನ ನೆನಪು. ಅದೇ ಅಕ್ಷರ, ಅದೇ ಕೆಂಪನ್ನು ಹೊಸ ಸೋಡಾಕ್ಕೆ ಹಾಕಿ ಮಾರಿದರೆ ಪೊಲೀಸರು ಬರುತ್ತಾರೆಯೇ ಹೊರತು ನೆನಪು ಬರುವುದಿಲ್ಲ. ಹೆಚ್ಚು ಸಲ ಕಂಡದ್ದನ್ನು ಮನಸ್ಸು ಇಷ್ಟಪಡುತ್ತದೆ ಎಂದು ರಾಬರ್ಟ್ ಜಾಯನ್ಸ್ 1968ರಲ್ಲೇ ತೋರಿಸಿದ್ದರು. ಎಷ್ಟು ಸಲ ಕಂಡೆವು ಎಂಬುದನ್ನು ತೀರ್ಮಾನಿಸುವುದು ಲಾರಿ, ಡೀಲರು, ಜಾಹೀರಾತಿನ ದುಡ್ಡು. ವಕ್ರರೇಖೆಯ ಕೋನಕ್ಕೆ ಅಲ್ಲಿ ಪಾತ್ರವಿಲ್ಲ.

ಇನ್ನು ಆಪಲ್ ಲೋಗೋ ಕ್ಷಣಕಾಲ ತೋರಿಸಿದರೆ ಜನ ಸೃಜನಶೀಲರಾಗುತ್ತಾರೆ ಎಂಬ 2008ರ ಪ್ರಯೋಗ. ಐಬಿಎಂ ಲೋಗೋ ಕಂಡವರಿಗಿಂತ ಆಪಲ್ ಕಂಡವರು ಇಟ್ಟಿಗೆಯೊಂದಕ್ಕೆ ಹೆಚ್ಚು ವಿಚಿತ್ರ ಉಪಯೋಗಗಳನ್ನು ಹೇಳಿದರಂತೆ. ರಿಪೋರ್ಟ್‌ಗಳಲ್ಲಿ ಇದು ವೇದವಾಕ್ಯ. ಆದರೆ ಇಂಥ ‘ಸುಳಿವು ಕೊಟ್ಟು ಮನಸ್ಸು ತಿರುಗಿಸುವ’ ಪ್ರಯೋಗಗಳ ಇಡೀ ಕುಟುಂಬವೇ ಆಮೇಲೆ ಕಟಕಟೆ ಹತ್ತಿತು. ಬೇರೆಯವರು ಮತ್ತೆ ಮಾಡಿ ನೋಡಿದಾಗ ಹಲವು ಫಲಿತಾಂಶಗಳು ನಿಲ್ಲಲಿಲ್ಲ. ಅವನ್ನು ತನ್ನ ಪ್ರಸಿದ್ಧ ಪುಸ್ತಕದಲ್ಲಿ ಮೆರೆಸಿದ್ದ ನೊಬೆಲ್ ವಿಜೇತ ಡೇನಿಯಲ್ ಕಾಹ್ನೆಮನ್, ಚಿಕ್ಕ ಚಿಕ್ಕ ಪ್ರಯೋಗಗಳ ಮೇಲೆ ತಾನು ಅತಿಯಾಗಿ ಭರವಸೆ ಇಟ್ಟೆನೆಂದು 2017ರಲ್ಲಿ ಬಹಿರಂಗವಾಗಿ ಬರೆದರು. ಅಷ್ಟು ದೊಡ್ಡ ಮನುಷ್ಯ ಹಿಂದೆ ಸರಿದ ಜಾಗದಲ್ಲಿ ನಮ್ಮ ಪಠ್ಯಕ್ರಮ ಇನ್ನೂ ಚಕ್ಕಂಬಕ್ಕಳ ಹಾಕಿ ಕೂತಿದೆ.

ಗ್ರಾಫಿಕ್ ಡಿಸೈನ್ ವಿದ್ಯಾರ್ಥಿಯೊಬ್ಬರು ಮಾಡಿದ ಲೋಗೋಗಳಲ್ಲಿ ಜಗತ್ತಿಗೆ ಅತಿ ಹೆಚ್ಚು ಗೊತ್ತಿರುವುದು ಬಹುಶಃ ನೈಕಿಯದು. 1971ರಲ್ಲಿ ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕ್ಯಾರೊಲಿನ್ ಡೇವಿಡ್‌ಸನ್ 35 ಡಾಲರಿಗೆ ಬರೆದುಕೊಟ್ಟ ಗೀರು ಅದು. ಕಂಪನಿಯ ಫಿಲ್ ನೈಟ್‌ಗೆ ಅದು ಮನಸ್ಸಿಗೆ ಹಿಡಿಸಲೂ ಇಲ್ಲ. ಮುಂದೆ ಹಿಡಿಸೀತು ಎಂದುಕೊಂಡು ಇಟ್ಟುಕೊಂಡ, ಗಡುವು ಬಂದಿತ್ತು. ಇವತ್ತು ಅದೇ ಗೀರಿನಲ್ಲಿ ಗೆಲುವಿನ ದೇವತೆಯ ರೆಕ್ಕೆ, ವೇಗ, ಛಲ ಎಲ್ಲವನ್ನೂ ಓದುತ್ತಾರೆ. ನಡುವೆ ಬಂದದ್ದು ಓಡುವ ಬೂಟುಗಳು, ಮೈಕೆಲ್ ಜೋರ್ಡಾನ್, ಕೋಟ್ಯಂತರ ಡಾಲರಿನ ಜಾಹೀರಾತು. ಇದಕ್ಕೆ ತದ್ವಿರುದ್ಧ ಕಥೆ ಪಾಲ್ ರ‍್ಯಾಂಡ್‌ನದು. ಐಬಿಎಂನ ಗುರುತನ್ನು ಮಾಡಿದ, ಈ ವಿದ್ಯೆಯ ಭೀಷ್ಮ ಎನ್ನಬಹುದಾದ ರ‍್ಯಾಂಡ್ ತನ್ನ ಕೊನೆಯ ದಿನಗಳಲ್ಲಿ ಮಾಡಿಕೊಟ್ಟ ಲೋಗೋ ಎನ್ರಾನ್ ಕಂಪನಿಯದು. ಓರೆಯಾಗಿ ನಿಂತ ಆ ‘ಇ’ ಅಕ್ಷರ ನೋಡಲು ಬಲು ಚೆಂದ. 2001ರಲ್ಲಿ ಕಂಪನಿಯ ಲೆಕ್ಕದ ಮೋಸ ಬಯಲಾದ ಮೇಲೆ ಜನ ಅದನ್ನು ‘ವಕ್ರ ಇ’ ಎಂದು ಆಡಿಕೊಂಡರು. ಗೆರೆ ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

ನಂಬಿಕೆಯ ಮಾತು ಬಂದದ್ದರಿಂದ ಕರಾವಳಿಯ ಕಥೆಯೊಂದನ್ನು ಹೇಳಲೇಬೇಕು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾನೆ. ಮೀನು ಮಾರುವವರು, ಬೀಡಿ ಕಟ್ಟುವವರು, ಗೂಡಂಗಡಿಯವರು, ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವ ಹೆಂಗಸರು ಪಿಗ್ಮಿ ಕಟ್ಟಿದರು. ಮಳೆಗಾಲದಲ್ಲಿ ಕೊಡೆ ಹಿಡಿದು, ಕಂಕುಳಲ್ಲಿ ಚೀಲ ಸಿಕ್ಕಿಸಿಕೊಂಡು ಏಜೆಂಟ್ ಬರುತ್ತಿದ್ದ. ಎದುರಿಗೇ ಕಾರ್ಡಿನಲ್ಲಿ ಬರೆದು ಸಹಿ ಹಾಕುತ್ತಿದ್ದ. ಅವನ ತಂದೆ-ತಾಯಿ ಯಾರೆಂದು ಊರಿಗೆಲ್ಲ ಗೊತ್ತು, ಹಣ ಹೊಡೆದರೆ ತಪ್ಪಿಸಿಕೊಂಡು ಹೋಗುವ ಜಾಗವಿಲ್ಲ. ಮಗಳ ಮದುವೆಗೋ ಮನೆಯ ಮಾಡಿಗೋ ಹಣ ಬೇಕಾದಾಗ ಕಟ್ಟಿದ್ದು ಬಡ್ಡಿ ಸಮೇತ ಕೈಗೆ ಬರುತ್ತಿತ್ತು. ಆ ಬ್ಯಾಂಕಿನ ಲಾಂಛನದಲ್ಲಿದ್ದದ್ದು ನಾಯಿಯ ಚಿತ್ರ. ಬ್ರ್ಯಾಂಡ್ ಸೈಕಾಲಜಿಯವರು ನಾಯಿ ನಿಷ್ಠೆಯ ಸಂಕೇತವೆಂದು ಒಂದು ಪುಟ ತುಂಬಿಸಬಹುದು. ಅದೇ ನಾಯಿ, ದಿನವೂ ಬರುವ ಆ ಏಜೆಂಟ್ ಇಲ್ಲದೆ, ಎಷ್ಟು ಎರಡಾಣೆಗಳನ್ನು ಒಟ್ಟುಮಾಡುತ್ತಿತ್ತು? 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಬೋರ್ಡು ಹೋಯಿತು, ನಾಯಿಯೂ ಹೋಯಿತು. ಪಿಗ್ಮಿ ಎಂಬ ಮಾತು ಮಾತ್ರ ಬೇರೆ ಬೇರೆ ಸೊಸೈಟಿಗಳ ಬಾಯಲ್ಲಿ ಉಳಿದಿದೆ.

ಗುರುತೊಂದು ಹಳೆಯದಾಗಿ ಮನಸ್ಸಿನಲ್ಲಿ ಬೇರೂರಿರಬೇಕು ಎಂಬ ವಾದವೂ ಯಾವಾಗಲೂ ನಡೆಯುವುದಿಲ್ಲ. 1978ರ ಜನವರಿಯಲ್ಲಿ ಕಾಂಗ್ರೆಸ್ ಒಡೆದಾಗ ಇಂದಿರಾ ಗಾಂಧಿಯ ಬಣಕ್ಕೆ ಹಳೆಯ ಹಸು-ಕರು ಗುರುತು ಸಿಗಲಿಲ್ಲ, ಹೊಸದಾಗಿ ಕೈ ಗುರುತು ಸಿಕ್ಕಿತು. ಕರ್ನಾಟಕದ ವಿಧಾನಸಭಾ ಚುನಾವಣೆ ನಡೆದದ್ದು ಫೆಬ್ರವರಿಯಲ್ಲಿ. ವಾರಗಳ ಹಿಂದಷ್ಟೇ ಹುಟ್ಟಿದ ಆ ಗುರುತಿಗೆ 224ರಲ್ಲಿ 149 ಸ್ಥಾನ ಬಂದವು. ಹಸ್ತದ ಮನಶ್ಶಾಸ್ತ್ರ ಹುಡುಕುವವರು ಹುಡುಕಲಿ. ಅದೇ ಬಣದಲ್ಲಿದ್ದ ದೇವರಾಜ ಅರಸರ ಸರ್ಕಾರದಲ್ಲಿ ಭೂಮಿಯ ಒಡೆತನ ಪಡೆದ ಗೇಣಿದಾರನಿಗೆ ಯಾವ ಚಿತ್ರದ ಮೇಲೆ ಮುದ್ರೆ ಒತ್ತಬೇಕು ಎಂಬ ಮಾಹಿತಿ ಸಾಕಿತ್ತು.

ಎದುರಾಳಿಗಳ ಅತ್ಯಂತ ಗಟ್ಟಿ ವಾದ ಬೇರೆ ಇದೆ, ಅದನ್ನು ಬಿಟ್ಟು ಹೋಗಬಾರದು. 2009ರಲ್ಲಿ ಟ್ರಾಪಿಕಾನಾ ತನ್ನ ಕಿತ್ತಳೆ ರಸದ ಡಬ್ಬಿಯ ಮೇಲಿನ ಸ್ಟ್ರಾ ಚುಚ್ಚಿದ ಕಿತ್ತಳೆಯನ್ನು ತೆಗೆದು ಹೊಸ ವಿನ್ಯಾಸ ಹಾಕಿತು (ಅದೂ ಆರ್ನೆಲ್ ಕೈಚಳಕವೇ), ಮಾರಾಟ ಬಿದ್ದು ಎರಡು ತಿಂಗಳೊಳಗೆ ಹಳೆಯದಕ್ಕೆ ಮರಳಿತು. 2010ರಲ್ಲಿ ಗ್ಯಾಪ್ ಬಟ್ಟೆ ಕಂಪನಿ ಹೊಸ ಲೋಗೋವನ್ನು ವಾರದೊಳಗೆ ಹಿಂತೆಗೆದುಕೊಂಡಿತು. ಜನಕ್ಕೆ ಚಿತ್ರದ ಮೇಲೆ ಭಾವನೆ ಇಲ್ಲದಿದ್ದರೆ ಹೀಗಾಗುತ್ತಿತ್ತೇ ಎನ್ನುತ್ತಾರೆ. ಭಾವನೆ ಇದೆ, ಯಾರು ಇಲ್ಲ ಅಂದದ್ದು? ಆದರೆ ಟ್ರಾಪಿಕಾನಾ ಕೊಳ್ಳುವವರ ದೂರಿನಲ್ಲಿ ಮುಖ್ಯವಾದದ್ದು, ಹೊಸ ಡಬ್ಬಿ ಅಗ್ಗದ ಅಂಗಡಿ ಬ್ರ್ಯಾಂಡಿನಂತೆ ಕಾಣುತ್ತದೆ, ಸಾಲಿನಲ್ಲಿ ಗುರುತು ಹತ್ತುವುದಿಲ್ಲ ಎಂಬುದು. ದಿನಾ ಕಾಣುವ ಮುಖ ಕಾಣಲಿಲ್ಲ, ಅಷ್ಟೆ. ಕಿತ್ತಳೆಗೆ ಚುಚ್ಚಿದ ಸ್ಟ್ರಾ ಮನಸ್ಸಿನ ಯಾವ ಮೂಲಮಾದರಿಯನ್ನು ಎಬ್ಬಿಸುತ್ತದೆ ಎಂದು ಇದರಿಂದ ಏನೂ ಸಿದ್ಧವಾಗುವುದಿಲ್ಲ. ಅಲ್ಲಿ ಮೊದಲಿಂದಲೂ ಬಾಳೆಹಣ್ಣಿದ್ದು ಅದನ್ನು ತೆಗೆದಿದ್ದರೂ ಇದೇ ಗಲಾಟೆ ಆಗುತ್ತಿತ್ತು. ಕೊಳ್ಳುವವರ ಮನಸ್ಸನ್ನು ಮೊದಲೇ ಅಳೆಯಬಹುದೆಂಬ ನಂಬಿಕೆಗೂ ಹಳೆಯ ಪೆಟ್ಟು ಬಿದ್ದಿದೆ. 1985ರಲ್ಲಿ ಕೋಕಾಕೋಲಾ ಸುಮಾರು ಎರಡು ಲಕ್ಷ ಜನರಿಗೆ ರುಚಿ ತೋರಿಸಿ, ಅವರು ಮೆಚ್ಚಿದ ಮೇಲೆಯೇ ಹೊಸ ಕೋಕ್ ತಂದಿತು. ಏಪ್ರಿಲ್‌ನಲ್ಲಿ ಬಂದದ್ದರ ಜೊತೆಗೆ ಜುಲೈನಲ್ಲಿ ಹಳೆಯದನ್ನೂ ತರಬೇಕಾಯಿತು.

ಈಗ ಒಬ್ಬ ವಿದ್ಯಾರ್ಥಿನಿಯ ರಿಪೋರ್ಟ್ ಬಗ್ಗೆ. ದಕ್ಷಿಣ ಬೆಂಗಳೂರಿನ ಹಳೇ ಕಾಫಿಪುಡಿ ಅಂಗಡಿಯೊಂದಕ್ಕೆ ಹೊಸ ರೂಪ ಕೊಡುವುದು ಅವಳ ಪ್ರಾಜೆಕ್ಟ್. ಎರಡನೇ ಅಧ್ಯಾಯ ಯಥಾಪ್ರಕಾರ: ಕಂದು ಬಣ್ಣ ಬೆಚ್ಚನೆಯ ಭಾವ, ಚಿನ್ನದ ಬಣ್ಣ ಪರಂಪರೆ, ಬ್ರ್ಯಾಂಡಿನ ಮೂಲಮಾದರಿ ‘ಪೋಷಕ’. ಪುಟ ತಿರುವುತ್ತಾ ಕೊನೆಯ ಅನುಬಂಧಕ್ಕೆ ಬಂದೆ. ಅಲ್ಲಿ ಅವಳು ಕೌಂಟರ್ ಪಕ್ಕ ನಿಂತು ಕೇಳಿಸಿಕೊಂಡ ಮಾತುಗಳನ್ನು ಇದ್ದಹಾಗೆ ಬರೆದಿದ್ದಳು. ‘ಎಂಬತ್ತು-ಇಪ್ಪತ್ತು ಕಾಲು ಕೆಜಿ ಕೊಡಪ್ಪ, ಪೀಬರಿ ಜಾಸ್ತಿ ಇರಲಿ.’ ‘ಹೋದ್ಸಲ ಹುರಿದಿದ್ದು ಕಡು ಆಗಿತ್ತು.’ ‘ಫಿಲ್ಟರಲ್ಲಿ ಇಳೀತಾನೇ ಇಲ್ಲ, ಸ್ವಲ್ಪ ತರಿಯಾಗಿ ಬೀಸು.’ ಇನ್ನೂ ಬೆಚ್ಚಗಿರುವ ಪೊಟ್ಟಣವನ್ನು ಮೂಗಿಗೆ ಹಿಡಿದು ನೋಡಿಯೇ ದುಡ್ಡು ಕೊಡುವವರ ಬಗ್ಗೆ ಒಂದು ಟಿಪ್ಪಣಿ. ಜೊತೆಗೆ ಒಂದು ಫೋಟೋ: ಅಂಗಡಿಯ ಹುಡುಗ ಪೊಟ್ಟಣದ ಮೇಲೆ ಬಾಲ್‌ಪೆನ್ನಿನಲ್ಲಿ ‘80/20’ ಎಂದು ಬರೆಯುತ್ತಿದ್ದಾನೆ, ಬರೆಯಲು ಬೇರೆ ಜಾಗವಿಲ್ಲದೆ ಲೋಗೋದ ಮೇಲೆಯೇ. ಮನೆಯಲ್ಲಿ ಅತ್ತೆಗೊಂದು, ಸೊಸೆಗೊಂದು ಹದದ ಪುಡಿ ಇದ್ದರೆ ಆ ಬರಹವೇ ದಾರಿ.

‘ಇದನ್ನ ಯಾಕಮ್ಮ ಹಿಂದೆ ಹಾಕಿದ್ದೀಯ?’ ಎಂದೆ.

‘ಇದರಲ್ಲಿ ಥಿಯರಿ ಇಲ್ಲ ಅಂದ್ರು ಸರ್.’

ಅವಳ ಹೊಸ ಪೊಟ್ಟಣದಲ್ಲೂ ಕಾಫಿ-ಚಿಕೋರಿ ಪ್ರಮಾಣ ಬರೆಯಲು ಜಾಗವಿರಲಿಲ್ಲ. ಕಂದು ಮತ್ತು ಚಿನ್ನದ ಹೊಳಪು ಲ್ಯಾಮಿನೇಶನ್ ಮೇಲೆ ಬಾಲ್‌ಪೆನ್ನು ಹತ್ತುವುದೂ ಇಲ್ಲ. ಕಣ್ಣಾರೆ ಕಂಡದ್ದನ್ನು ಅನುಮಾನಿಸಿ, ಎಲ್ಲೋ ಓದಿದ ಪಟ್ಟಿಯನ್ನು ನಂಬುವಂತೆ ಮಾಡುವ ಶಿಕ್ಷಣಕ್ಕೆ ಸಂಶೋಧನೆ ಎಂಬ ಹೆಸರು ಬೇರೆ.

ಈ ವಿದ್ಯೆಯಿಂದ ಆಗುವ ಇನ್ನೊಂದು ಹಾನಿ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ. ಎಲ್ಲವೂ ಗಿರಾಕಿಯ ಮನಸ್ಸಿನೊಳಗೆ ನಡೆಯುತ್ತದೆ ಎಂದು ಹೇಳಿಬಿಟ್ಟರೆ ಹೊರಗೆ ನಡೆಯುವ ವ್ಯಾಪಾರವನ್ನು ಕೇಳುವವರಿಲ್ಲ. ಹಳ್ಳಿಯ ಅಂಗಡಿಯಲ್ಲಿ ಒಂದೇ ಸೋಪು ಇರುವುದು ಆ ದಾರಿಯಲ್ಲಿ ಒಂದೇ ಕಂಪನಿಯ ವ್ಯಾನ್ ಬರುವುದರಿಂದ. ಶೆಟ್ಟರು ಒಂದು ಚಹಾಪುಡಿಯನ್ನೇ ಮುಂದೆ ಇಡುವುದು ಅದರಲ್ಲಿ ಮಾರ್ಜಿನ್ ಹೆಚ್ಚು, ಸಾಲದ ಗಡುವು ಉದ್ದ ಎಂಬ ಕಾರಣಕ್ಕೆ. ಶಾಂಪೂ ಊರೂರಿಗೆ ತಲುಪಿದ್ದು ಸ್ಯಾಶೆ ಬಂದು ಬಿಡಿಕಾಸಿಗೆ ಸಿಗುವಂತಾದ ಮೇಲೆ. ಬೆಲೆ ಏರಿಸದೆ ಬಿಸ್ಕತ್ತಿನ ತೂಕ ಇಳಿಸಿದರೆ ಗಿರಾಕಿಗೆ ಗೊತ್ತಾಗುವುದು ನಿಧಾನ. ಅದು ಮನಶ್ಶಾಸ್ತ್ರವೇ ಇರಬಹುದು, ಆದರೆ ಆ ಅಧ್ಯಾಯವನ್ನು ಯಾರೂ ಬರೆಯುವುದಿಲ್ಲ. ಮೈಸೂರು ಸ್ಯಾಂಡಲ್ ಸೋಪಿನ ಉದಾಹರಣೆ ನೋಡಿ. 1916ರಲ್ಲಿ ನಾಲ್ವಡಿಯವರ ಕಾಲದ ಸರ್ಕಾರಿ ಕಾರ್ಖಾನೆಯಾಗಿ ಶುರುವಾದದ್ದು, ಎಸ್.ಜಿ. ಶಾಸ್ತ್ರಿಯವರ ರಸಾಯನ ವಿದ್ಯೆಯಿಂದ ನಿಂತದ್ದು, ನಮ್ಮ ಕಾಡಿನ ಗಂಧದೆಣ್ಣೆ ಒಳಗಿರುವುದು. ಆನೆಯ ತಲೆ, ಸಿಂಹದ ಮೈಯ ಶರಭ ಅದರ ಲಾಂಛನ. ದಿನಾ ಅದರಲ್ಲಿ ಸ್ನಾನ ಮಾಡುವವರಲ್ಲೂ ಅದು ಯಾವ ಪ್ರಾಣಿ ಎಂದು ಹೇಳಬಲ್ಲವರು ಕಡಿಮೆ. 2025ರಲ್ಲಿ 6.2 ಕೋಟಿ ಕೊಟ್ಟು ಮುಂಬೈ ನಟಿಯನ್ನು ರಾಯಭಾರಿ ಮಾಡಿದಾಗ ಎದ್ದ ಕೂಗೂ ಶರಭಕ್ಕಾಗಿ ಎದ್ದದ್ದಲ್ಲ. ನಾಡಿನ ಕಂಪನಿ, ನಾಡಿನ ದುಡ್ಡು ಎಂಬ ಲೆಕ್ಕಕ್ಕೆ ಎದ್ದದ್ದು.

‘ಸರಿ ಸ್ವಾಮಿ, ವಿದ್ಯಾರ್ಥಿಗಳು ಏನು ಸಂಶೋಧನೆ ಮಾಡಬೇಕು?’ ಕೆಲಸಕ್ಕೇನು ಬರ! ಕನ್ನಡ ಅಕ್ಷರವನ್ನೇ ತೆಗೆದುಕೊಳ್ಳಿ. 2024ರ ತಿದ್ದುಪಡಿ ಕಾಯಿದೆಯಿಂದ ನಾಮಫಲಕಗಳಲ್ಲಿ ಶೇಕಡಾ 60 ಕನ್ನಡ ಇರಬೇಕಾಯಿತು. ಕಂಪನಿಗಳು ತಮ್ಮ ಇಂಗ್ಲಿಷ್ ಲೋಗೋದ ಪಕ್ಕ ಸಿಕ್ಕಿದ ಫಾಂಟಿನಲ್ಲಿ ಕನ್ನಡ ಸೇರಿಸಿ ಕೈತೊಳೆದುಕೊಂಡವು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದ ಪಟ್ಟಿಯಲ್ಲಿ ನಿಲ್ಲುತ್ತವೆ. ಕನ್ನಡಕ್ಕೆ ಮೇಲೆ ಗುಡಿಸು ಬೇಕು, ಕೆಳಗೆ ಒತ್ತು ಬೇಕು. ‘ಸ್ಟ್ರಾಂಗ್’ ಎಂದು ಬರೆದರೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಎರಡನ್ನೂ ಒಂದೇ ಎತ್ತರಕ್ಕೆ ಹಿಡಿಸಲು ಹೋದರೆ ಕನ್ನಡದ ಮೂಲ ಅಕ್ಷರ ಕುಗ್ಗಿ, ಒತ್ತು ಫಲಕದ ಅಂಚಿಗೆ ತಾಗಿ, ಕೆಲವು ಕಡೆ ಕತ್ತರಿಸಿಯೂ ಹೋಗುತ್ತದೆ. ಚಲಿಸುವ ಬಸ್ಸಿನಿಂದ ಯಾವ ಒತ್ತು ಎಷ್ಟು ದೂರಕ್ಕೆ ಕಾಣುತ್ತದೆ, ಗೆರೆ ಎಷ್ಟು ದಪ್ಪವಾದರೆ ‘ಪ’ ಮತ್ತು ‘ಷ’ ಒಂದೇ ಆಗಿಬಿಡುತ್ತವೆ, ಐದು ರೂಪಾಯಿ ಪೊಟ್ಟಣದ ಹಿಂಭಾಗದ ಕನ್ನಡವನ್ನು ಕನ್ನಡಕ ಹಾಕುವ ವಯಸ್ಸಿನವರು ಓದಬಲ್ಲರೇ? ಇವೆಲ್ಲ ಅಳತೆಪಟ್ಟಿ ಹಿಡಿದು, ಹತ್ತಾರು ಜನರನ್ನು ನಿಲ್ಲಿಸಿ ಕೇಳಿ, ತಪ್ಪೋ ಸರಿಯೋ ಎಂದು ಪರೀಕ್ಷಿಸಬಹುದಾದ ಪ್ರಶ್ನೆಗಳು. ಉತ್ತರ ತಪ್ಪಾಗಿದ್ದರೆ ಮುಂದಿನ ವರ್ಷದ ವಿದ್ಯಾರ್ಥಿ ಅದೇ ರಸ್ತೆಯಲ್ಲಿ ಅದೇ ದೂರದಿಂದ ನೋಡಿ ತಿದ್ದಬಹುದು. ನೀಲಿ ಎಂದರೆ ನಂಬಿಕೆ ಎಂಬುದನ್ನು ತಿದ್ದುವುದಕ್ಕೆ ಅಂಥ ದಾರಿಯೇ ಇಲ್ಲ.